ಅಕ್ಕನ ರೆಪ್ಪೆ ಮಂಗಳೂರಿಗೆ ಹೋದದ್ದು

ನಮ್ಮ ಕಾರವಾರ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ಮೊದಲು ನೋಡುವುದು ಬಸ್ಸಿನ ವೇಳೆ, ಆಮೇಲೆ ಡಾಕ್ಟರು. ಒಳ್ಳೆಯ ಆಸ್ಪತ್ರೆ ಕೊಡಿ ಎಂದು ರಸ್ತೆಯಲ್ಲಿ ಕೂತು ಕೂಗಿ ನನ್ನ ಗಂಟಲು ಹರಿದಿದೆ. ಕೊಡುವವರೆಗೆ ಇಂಥ ನಗೆಪಾಟಲು ನಡೆಯುತ್ತಲೇ ಇರುತ್ತದೆ. ಅಕ್ಕನ ಕಣ್ಣಿನದ್ದೇ ಕೇಳಿ.

ಗುಳ್ಳೆ

ಅಮದಳ್ಳಿಯಲ್ಲಿರುವ ನನ್ನ ಅಕ್ಕನ ಮೇಲ್ರೆಪ್ಪೆಯಲ್ಲಿ ಒಂದು ಗುಳ್ಳೆ ಎದ್ದಿತು. ಎರಡು ಸಲ ಕೆರೆಸಿ ತೆಗೆಸಿದರೂ ಮತ್ತೆ ಅಲ್ಲೇ ಬಂತು. ಅಕ್ಕಪಕ್ಕದವರೆಲ್ಲ ಉಂಗುರ ಬಿಸಿ ಮಾಡಿ ಒತ್ತಿ ಹೋದರು. ಕಾರವಾರದ ಕಣ್ಣಿನ ಡಾಕ್ಟರು ಮಾತ್ರ ಹುಬ್ಬು ಗಂಟಿಕ್ಕಿದರು.

"ರೆಪ್ಪೆಯೊಳಗೆ ಎಣ್ಣೆ ಗ್ರಂಥಿ ಇರ್ತದೆ. ಅಪರೂಪಕ್ಕೆ ಅದರಲ್ಲಿ ಕ್ಯಾನ್ಸರ್ ಬರ್ತದೆ, ನೋಡ್ಲಿಕ್ಕೆ ಥೇಟ್ ಗುಳ್ಳೆ. ತುಂಡು ತೆಗೆದುಕೊಡ್ತೇನೆ, ಮಂಗಳೂರಿನ ಲ್ಯಾಬಿಗೆ ಹೋಗ್ಬೇಕು."

"ಯಾರು ಒಯ್ಯೋದು?" ಅಂದೆ. ಅವರು ತುಂಡು ತೆಗೆದು, ಔಷಧದ ಬಾಟಲಿಯಲ್ಲಿ ಮುಳುಗಿಸಿ ನನ್ನ ಕೈಗೇ ಕೊಟ್ಟರು.

ಅಕ್ಕ ಬಾಟಲಿಯನ್ನೇ ನೋಡುತ್ತ ಹೇಳಿದಳು: "ನಾ ಇನ್ನೂ ಮಂಗಳೂರು ಕಂಡವಳಲ್ಲ ತಮಾ. ನನ್ನ ರೆಪ್ಪೆಯಾದ್ರೂ ನೋಡ್ಕಂಡು ಬರ್ಲಿ."

ಬಾಟಲಿ

ನಾನು ಹಿಡಿದ ಮಂಗಳೂರು ಬಸ್ಸಿಗೆ ಹಾರವಾಡದಲ್ಲಿ ಮೀನು ಮಾರುವ ಹೆಂಗಸೊಬ್ಬಳು ಹತ್ತಿ ನನ್ನ ಪಕ್ಕ ಕೂತಳು. ಮೂಗು ಅರಳಿಸಿ, "ಬಾಟ್ಲಿಯಲ್ಲಿ ಎಂತದು?" ಅಂದಳು.

"ಫಾರ್ಮಲಿನ್."

ಅಷ್ಟೇ ಸಾಕಾಯಿತು. ಹೊರಗಿನಿಂದ ಬರುವ ಮೀನು ಕೆಡದಂತೆ ಫಾರ್ಮಲಿನ್ ಹಾಕುತ್ತಾರೆಂಬ ಸುದ್ದಿ ಎದ್ದಾಗ ಅವಳ ತಾಜಾ ಮೀನನ್ನೂ ಯಾರೂ ಮುಟ್ಟಿರಲಿಲ್ಲ. ಎದ್ದು ನಿಂತು, ಬಸ್ಸಿಗೆಲ್ಲ ಕೇಳುವಂತೆ, "ಸಿಕ್ಕಿದ ನೋಡಿ. ಮೀನಿಗೆ ಔಷಧ ಹಾಕೂದು ಇವನೇಯ" ಅಂದಳು. ಕಂಡಕ್ಟರ್ ಸೀಟಿ ಊದಿದ. ಬಸ್ ನಿಂತಿತು.

"ಇದರಲ್ಲಿರೋದು ನನ್ನ ಅಕ್ಕನ ಕಣ್ಣಿನ ರೆಪ್ಪೆ" ಅಂದೆ.

ಅವಳು ಬಗ್ಗಿ ಬಾಟಲಿ ನೋಡಿದಳು. ದನಿ ತಗ್ಗಿಸಿ ಕೇಳಿದಳು: "ಪಾಪ. ಇವತ್ತಿಂದೋ, ನಿನ್ನೇದೋ?"

ಎಣ್ಣೆ

ವರದಿ ಬಂತು. ಎಣ್ಣೆ ಗ್ರಂಥಿಯ ಕ್ಯಾನ್ಸರೇ. ಬಾವ ಎದ್ದು ಹೋಗಿ ಡಬ್ಬದ ತೆಂಗಿನೆಣ್ಣೆಯನ್ನೆಲ್ಲ ಹಿತ್ತಲಿಗೆ ಸುರಿದ. ಗ್ರಂಥಿಯ ಎಣ್ಣೆ ಬೇರೆ, ಬಾಣಲೆಯ ಎಣ್ಣೆ ಬೇರೆ ಎಂದು ಎಷ್ಟು ಬಡಕೊಂಡರೂ ಕೇಳಲಿಲ್ಲ.

ಊಟಕ್ಕೆ ಕೂತ ಅಕ್ಕ ಎಣ್ಣೆಯಿಲ್ಲದೆ ಸುಟ್ಟ ಒಣಕಲು ಬಂಗಡೆ ಮೀನನ್ನು ತಟ್ಟೆಯ ಅಂಚಿಗೆ ದೂಡಿ, "ಕ್ಯಾನ್ಸರ್ ಬಂದದ್ದು ನಂಗೋ, ಬಂಗಡೆಗೋ?" ಅಂದಳು.

ಫ್ರೀ

ಮಂಗಳೂರಿನಲ್ಲಿ ಆಪರೇಷನ್. ಗುಳ್ಳೆಯ ಸುತ್ತ ಅಗಲವಾಗಿ ಕೊಯ್ದು, ಆ ತುಂಡಿನ ಅಂಚುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಂಚಿನಲ್ಲೂ ರೋಗ ಕಂಡರೆ ಇನ್ನಷ್ಟು ಕೊಯ್ಯಬೇಕು. ತೀರಾ ಹರಡಿದ್ದರೆ ಕಣ್ಣೇ ಹೋಗುತ್ತದೆ. ನಮ್ಮ ಪಕ್ಕದ ಅರ್ಗಾದಲ್ಲಿ ನೌಕಾಪಡೆಗೆ ಯುದ್ಧನೌಕೆ ನಿಲ್ಲಿಸಲು ನಾವು ಜಾಗ ಕೊಟ್ಟೆವು. ಈ ಅಂಚು ನೋಡಬಲ್ಲ ಒಬ್ಬ ತಜ್ಞನನ್ನು ನಮಗೆ ಕೊಡಲು ಯಾರಿಗೂ ಆಗಲಿಲ್ಲ. ಅದನ್ನೇ ಆಸ್ಪತ್ರೆಯ ಗೋಡೆಗೆ ಬೈಯುತ್ತ ನಿಂತಿದ್ದೆ. ಬಾವ ನನ್ನ ಅಂಗಿ ಬಿಗಿಯಾಗಿ ಹಿಡಿದುಕೊಂಡಿದ್ದ.

ಡಾಕ್ಟರು ಹೊರಗೆ ಬಂದು, "ಮಾರ್ಜಿನ್ ಎಲ್ಲ ಫ್ರೀ" ಅಂದರು. ಅಂಚಿನಲ್ಲಿ ರೋಗವಿಲ್ಲ, ಕಣ್ಣು ಉಳಿಯಿತು ಎಂದರ್ಥ. ಬಾವ ಆಗ ನನ್ನ ಅಂಗಿ ಬಿಟ್ಟ.

ಅಕ್ಕನಿಗೆ ಎಚ್ಚರವಾದಾಗ ಕಿವಿಯ ಹತ್ತಿರ ಬಗ್ಗಿ, "ಎಲ್ಲಾ ಫ್ರೀ ಅಂತೆ ಅಕ್ಕಾ" ಅಂದೆ.

ಪಟ್ಟಿ ಕಟ್ಟದ ಕಣ್ಣನ್ನು ಅರೆ ತೆರೆದಳು.

"ನನ್ನ ಆಧಾರ್ ಕಾರ್ಡು ಚೀಲದಲ್ಲಿ ಅದೆ, ತೋರ್ಸು. ಬಸ್ಸಲ್ಲೂ ತೋರ್ಸದೇ ಫ್ರೀ ಬಿಡೂದಿಲ್ಲ. ನಿಂದು ತೆಗೀಬೇಡ ಮತ್ತೆ, ಗಂಡಸ್ರಿಗೆ ಇಲ್ಲ."