ಎರಡು ಸಲ ಬರೆಯದ ಭಾವ

ನಮ್ಮ ಭಾವನಿಗೆ ಒಂದೇ ವಿಷಯವನ್ನು ಎರಡು ಕಡೆ ಬರೆದಿದ್ದು ಕಂಡರೆ ಊಟ ಸೇರುವುದಿಲ್ಲ. ಉತ್ಪ್ರೇಕ್ಷೆ ಅನ್ನುತ್ತೀರಾ? ಅಕ್ಕನ ಅಡುಗೆಮನೆಯಲ್ಲಿ ಗ್ಯಾಸಿನವನ ನಂಬರು ಕ್ಯಾಲೆಂಡರಿನ ಮೇಲೂ ಇತ್ತು, ಗೋಡೆಯ ಮೇಲೂ ಇತ್ತು. ಭಾವ ಗೋಡೆಯದನ್ನು ಅಳಿಸಿ, "ಕ್ಯಾಲೆಂಡರ್ ನೋಡಿ" ಎಂದು ಬರೆದರು. ಜನವರಿಯಲ್ಲಿ ಅಕ್ಕ ಹಳೇ ಕ್ಯಾಲೆಂಡರ್ ಎಸೆದಳು. ಮೂರು ದಿನ ಸೌದೆ ಒಲೆಯ ಮುದ್ದೆ ಉಂಡೆವು!

ನನಗೂ ಅವರಿಗೂ ರಾಮನಗರದ ಒಂದೇ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ. ಕುರಿ ಸಾಕುವವರಿಗೆ ಲಸಿಕೆ ಶಿಬಿರದ ದಿನ ತಿಳಿಸುವ ವೆಬ್ ಅಪ್ಲಿಕೇಶನ್ ನಮ್ಮದು. ನಮ್ಮ ಪರವಾಗಿ ಸಂದೇಶ ಕಳಿಸುವ ಕಂಪನಿಯವರು ಕುರಿಗಾರರ ಫೋನ್ ನಂಬರುಗಳನ್ನು ಯಾವ ಸರ್ವರಿನಿಂದ ಪಡೆಯಬೇಕು ಎಂಬುದನ್ನು ಕೋಡಿನ ಮೇಲೆಯೇ ಟಿಪ್ಪಣಿಯಾಗಿ ಬರೆಯುತ್ತೇವೆ; ಆ ಟಿಪ್ಪಣಿಗಳಿಂದ ಕಂಪನಿಯವರು ಓದುವ ಡಾಕ್ಯುಮೆಂಟೇಶನ್ ಪುಟಗಳು ತಯಾರಾಗುತ್ತವೆ. ಸರ್ವರಿನ ವಿಳಾಸವನ್ನು ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದು ಹೆಸರಿಟ್ಟು ಒಮ್ಮೆ ಮಾತ್ರ ಬರೆಯಬೇಕು, ಟಿಪ್ಪಣಿಗಳಲ್ಲಿ ಆ ಹೆಸರಷ್ಟೇ ಇರಬೇಕು ಎಂಬುದು ಭಾವನ ಹಠ. ವಿಳಾಸ ಬದಲಾದಾಗ ಒಂದು ಸಾಲು ತಿದ್ದಿದರೆ ಮುಗಿಯಿತು. ಇದನ್ನು ಹೇಳುತ್ತಾ ನನ್ನ ಕುರ್ಚಿಯ ಹಿಂದೆ ದಿನವಿಡೀ ಶತಪಥ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುವಾಗಲೂ ಎದ್ದು ನಿಂತರು.

"ಒಸಿ ಫೋನ್ ಕೊಡ್ಲಾ, ನಿನ್ ಪೇಜ್‌ಗಳ ನೋಡ್ಬುಡ್ತೀನಿ."

ಎಲ್ಲ ಪುಟಗಳಲ್ಲೂ ವಿಳಾಸ ತೆಗೆದು ಹೆಸರು ಹಾಕಿದ್ದೇನೆಂದು ಆಣೆ ಮಾಡಿ ಇಡ್ಲಿ ಮುಗಿಸಿದೆ.

ಒಂದನ್ನು ಬಿಟ್ಟಿದ್ದೆ. ಆ ಪುಟದಲ್ಲಿ ನಾವು ಪರೀಕ್ಷೆಗೆ ಇಟ್ಟುಕೊಂಡಿದ್ದ ಸರ್ವರಿನ ವಿಳಾಸವೇ ಉಳಿದಿತ್ತು. ಅಲ್ಲಿದ್ದವೆಲ್ಲ ಸುಳ್ಳು ನಂಬರುಗಳು. ಕಂಪನಿಯವರು ಅದನ್ನೇ ನಂಬಿ, ಶಿಬಿರದ ಸಂದೇಶವನ್ನು ಆ ನಂಬರುಗಳಿಗೇ ಕಳಿಸಿದರು. ದೊಡ್ಡಆಲಹಳ್ಳಿಯ ಶಿಬಿರದ ದಿನ ಬೆಳಿಗ್ಗೆ ಪಶುವೈದ್ಯರು ಫೋನ್ ಮಾಡಿ, ಒಂದು ಕುರಿಯೂ ಬಂದಿಲ್ಲವೆಂದರು.

ನಾನು ಪುಟ ತಿದ್ದಿ ಸಂದೇಶ ಮತ್ತೆ ಕಳಿಸಲು ಹೇಳಿದೆ. ಆದರೆ ಮೇಯಿಸಲು ಹೋದವರು ಫೋನ್ ನೋಡುತ್ತಾರೆಯೇ? ಭಾವ ಆಗಲೇ ಬೈಕ್ ಚಾಲೂ ಮಾಡಿದ್ದರು. ಕನಕಪುರ ದಾಟಿ, ಹೊಲ ಬದು ಹಾದು, ಕಂಡ ಕಂಡ ಮಂದೆಯ ಹಿಂದೆ ಓಡಿದೆವು.

ಒಬ್ಬ ಮುದುಕಿ ಭಾವನನ್ನು ಕೇಳಿದಳು, "ನೀನೇನಪ್ಪ, ಡಾಕ್ಟ್ರಾ?"

"ಅಲ್ಲ ಕಣವ್ವ, ತಪ್ಪು ವಿಳಾಸ ಬರ್ದೋರು."

"ಅಂಗಾರೆ ಈ ಮರಿ ಎತ್ಕೊಂಡು ನಡಿ."

ಭಾವ ಎತ್ತಿಕೊಂಡರು. ಮರಿ ದಾರಿಯುದ್ದಕ್ಕೂ ಅವರ ಕಾಲರ್ ಅಗಿಯಿತು. ವೈದ್ಯರು ಮೂರು ಗಂಟೆಯವರೆಗೆ ಕಾದರು. ಬಹುಪಾಲು ಮಂದೆಗಳಿಗೆ ಲಸಿಕೆ ಆಯಿತು.

ಮರುದಿನ ಆಫೀಸಿನ ಯಜಮಾನರು ಆ ಪುಟ ಬರೆದವರು ಯಾರೆಂದು ಕೇಳಿದರು.

"ನಾನೇ ಸಾರ್," ಎಂದರು ಭಾವ.

ಹೊರಗೆ ಬಂದ ಮೇಲೆ ಯಾಕೆಂದು ಕೇಳಿದೆ.

"ನೀನು ಸೇರಿ ಮೂರು ತಿಂಗ್ಳು ಕಣ್ಲಾ. ನನ್ನಾದ್ರೆ ಬೈದು ಬುಡ್ತಾರೆ," ಎಂದು ನನ್ನ ಬೆನ್ನು ತಟ್ಟಿದರು.

ಮುಖ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋಗಿ, ಬಹಳ ಹೊತ್ತು ನೀರು ಬಿಟ್ಟುಕೊಂಡು ನಿಂತೆ.