ನಮ್ಮ ಭಾವನ ಹೆಂಚಿನ ಮಾಡು ಮತ್ತು ಮೂರು ಕೊಟೇಶನ್

ಒಂದೇ ಒಂದು ಹೆಂಚು ಕೊಳ್ಳದೆ, ಒಬ್ಬನೇ ಒಬ್ಬ ಆಳಿಗೂ ಕೂಲಿ ಕೊಡದೆ, ಒಂಬತ್ತು ವರ್ಷ ಮನೆಯ ಮಾಡನ್ನು ರಿಪೇರಿ ಮಾಡಿಸಿದ ಮನುಷ್ಯ ಇಡೀ ಶಿಕಾರಿಪುರದಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಭಾವ. ಇದನ್ನು ಹೆಮ್ಮೆಯಿಂದಲೂ ಹೇಳುತ್ತಿಲ್ಲ, ದೂರಾಗಿಯೂ ಹೇಳುತ್ತಿಲ್ಲ. ಪತ್ರಿಕೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ದುಡಿದವನಿಗೆ ಎರಡೂ ಕಡೆಯವರನ್ನು ಕೇಳದೆ ಬರೆಯುವ ಅಭ್ಯಾಸವಿಲ್ಲ. ಒಂದು ಕಡೆ ಭಾವ, ಇನ್ನೊಂದು ಕಡೆ ಅವರ ಹೆಂಡತಿ, ಅಂದರೆ ನನ್ನ ಅಕ್ಕ. ಇಬ್ಬರ ಹೇಳಿಕೆಯೂ ನನ್ನ ಬಳಿ ಇದೆ. ಅಕ್ಕನದು ಸ್ವಲ್ಪ ಉದ್ದ.

ಭಾವ ಸರ್ಕಾರಿ ಕಚೇರಿಯೊಂದರ ಉಗ್ರಾಣದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅಲ್ಲಿ ಒಂದು ಪೊರಕೆ ಕೊಳ್ಳಬೇಕಿದ್ದರೂ ಮೂರು ಕೊಟೇಶನ್ ಬೇಕು. ಮೂರನ್ನೂ ಪಕ್ಕಪಕ್ಕ ಇಟ್ಟು ತುಲನಾ ಪಟ್ಟಿ ಬರೆಯಬೇಕು. ಆಮೇಲೆ ಪೊರಕೆ. ಅಷ್ಟರಲ್ಲಿ ಕಸ ತಾನಾಗಿಯೇ ಗಾಳಿಗೆ ಹಾರಿ ಹೋಗಿರುತ್ತಿತ್ತು, ಆ ಮಾತು ಬೇರೆ. ನಿವೃತ್ತಿಯ ದಿನ ಹಾರ ಹಾಕಿ ಭಾವನನ್ನು ಮನೆಗೆ ಕಳಿಸಿದರು. ಅವರ ಹಿಂದೆಯೇ ಆ ನಿಯಮವೂ ಮನೆಗೆ ಬಂತು!

ಮನೆ ಪೇಟೆಯ ಓಣಿಯೊಂದರಲ್ಲಿದೆ. ಹಳೆಯ ಹೆಂಚಿನ ಮನೆ. ಕೆರೆ ಕಡೆಯಿಂದ ಬರುವ ಮಂಗಗಳಿಗೆ ಅದರ ಮಾಡೇ ಹೆದ್ದಾರಿ. ನಡುಮನೆಯಲ್ಲಿ ಅಲ್ಲಲ್ಲಿ ಸೋರುತ್ತಿತ್ತು. ಅಡುಗೆಮನೆಯಲ್ಲಿ ಮಾತ್ರ ಲೆಕ್ಕ ಹಾಕಿದಂತೆ ಒಲೆಯ ನೆತ್ತಿಗೇ ಸೋರುತ್ತಿತ್ತು. ಅಕ್ಕ ಬಲಗೈಯಲ್ಲಿ ಸೌಟು, ಎಡಗೈಯಲ್ಲಿ ಛತ್ರಿ ಹಿಡಿದು ಸಾರು ಕುದಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಛತ್ರಿ ಅವಳಿಗಲ್ಲ, ಸಾರಿಗೆ!

"ಒಂದೇ ಒಂದು ಮಳೆಗಾಲ ನೆನೀದೆ ಅಡುಗೆ ಮಾಡ್ಬೇಕು ಕಣೋ," ಎಂದಿದ್ದಳು ಆವತ್ತು. "ನಂಗೆ ಬೇರೆ ಏನೂ ಬೇಡ."

ಹೆಂಡತಿ ಬಾಯಿಬಿಟ್ಟು ಕೇಳಿದ್ದಾಳೆ, ಇಲ್ಲ ಎನ್ನಲಾಗುತ್ತದೆಯೇ? ನಿವೃತ್ತಿಯ ಮೊದಲ ಬೇಸಿಗೆಯಲ್ಲೇ ಭಾವ ಕಾರ್ಯಪ್ರವೃತ್ತರಾದರು. ಒಬ್ಬ ಮೇಸ್ತ್ರಿಯನ್ನು ಕರೆಸಿದರು. ಅವನು ಹತ್ತಿ, ಅಳೆದು, ಹಳೆಯ ಮಾಡು ಬಿಚ್ಚಿ ಹೊಸದು ಹೊದಿಸಲು ಇಷ್ಟು ಎಂದು ಬರೆದುಕೊಟ್ಟ. ಭಾವ ಅದನ್ನು ಓದಿ, ಕನ್ನಡಕ ಹಣೆಗೇರಿಸಿ ಕೇಳಿದರು.

"ಇದ್ರಲ್ಲಿ ಮಂಗದ ಬಾಬ್ತು ಎಲ್ಲಿ?"

"ಅಂದ್ರ?"

"ವರ್ಷಕ್ಕೆ ಎಷ್ಟು ಹಂಚು ಮಂಗ ಒಡೀತದೆ, ಅದನ್ನ ಹಾಕ್ಬೇಕಲ್ಲ?"

"ಅದನ್ನ ಮಂಗ್ಯಾನ ಕೇಳಿ ಬರೀಬೇಕ್ರಿ ಸಾಹೇಬ್ರ!"

ಎರಡನೆಯ ಮೇಸ್ತ್ರಿ ಹದಿನೈದು ದಿನ ಬಿಟ್ಟು ಬಂದ. ಮೂರನೆಯವನು ಮಗಳ ಮದುವೆ ಮುಗಿಸಿಕೊಂಡು ಬಂದ. ಮೂರೂ ಕೈಸೇರಿದ ದಿನ ತುಲನಾ ಪಟ್ಟಿ ಬರೆಯಲು ಕುಳಿತ ಭಾವ ಹೌಹಾರಿದರು. ಮೊದಲ ಮೇಸ್ತ್ರಿ ತನ್ನ ದರ ಒಂದು ತಿಂಗಳು ಮಾತ್ರ ಎಂದು ಕೆಳಗೆ ಬರೆದಿದ್ದ. ಅವಧಿ ಮೀರಿ ಎರಡು ದಿನವಾಗಿತ್ತು! ಅವಧಿ ಮೀರಿದ ಕೊಟೇಶನ್ ಇಟ್ಟುಕೊಂಡು ಮಾಡು ಹೊದಿಸಿದರೆ ನಾಳೆ ಆಡಿಟ್‌ನವರು ಕೇಳುವುದಿಲ್ಲವೇ?

"ಯಾವ ಆಡಿಟ್‌ನೋರು ರೀ?" ಎಂದಳು ಅಕ್ಕ. "ನಮ್ಮನೆಗೆ ಹಾಲಿನೋನು ಬಿಟ್ರೆ ಯಾರೂ ಬರಲ್ಲ."

ಮೊದಲನೆಯವನನ್ನು ಮತ್ತೆ ಕರೆಸುವಷ್ಟರಲ್ಲಿ ಮಳೆ ಬಂತು. ಅಕ್ಕ ಛತ್ರಿ ತೆಗೆದಳು.

ಆ ಮಳೆಗಾಲದಲ್ಲಿ ಭಾವನಿಗೆ ಒಂದು ಸಂಗತಿ ಹೊಳೆಯಿತು. ನಡುಮನೆ ಸೋರಲಿಲ್ಲ! ಯಾಕೆ? ಮಾಡಿನ ಅಂದಾಜು ಹೇಳಬೇಕಾದರೆ ಒಳಗಿನ ಮರ ನೋಡಬೇಕು. ಮರ ನೋಡಬೇಕಾದರೆ ಹೆಂಚು ಎತ್ತಬೇಕು. ಎತ್ತಿದ್ದನ್ನು ಕಸುಬು ಬಲ್ಲ ಮೇಸ್ತ್ರಿ ಹೇಗೆಂದರೆ ಹಾಗೆ ಇಟ್ಟು ಬರುವುದಿಲ್ಲ. ಕಸ ಗುಡಿಸಿ, ಸರಿದದ್ದನ್ನು ಕೂರಿಸಿ, ಒಂದರ ಮೂಗಿಗೆ ಇನ್ನೊಂದನ್ನು ಸಿಕ್ಕಿಸಿಯೇ ಇಳಿಯುತ್ತಾನೆ. ಊರಿನವರೆಲ್ಲ ಮಳೆಗೆ ಮುಂಚೆ ಕೂಲಿ ಕೊಟ್ಟು ಹೆಂಚು ಕೈಯಾಡಿಸುವುದು ಇದಕ್ಕೇ ಅಲ್ಲವೇ? ನಮ್ಮ ಭಾವನ ಮನೆಯಲ್ಲಿ ಅದೇ ಕೆಲಸ ಮೂವರು ಮೇಸ್ತ್ರಿಗಳಿಂದ, ಮೂರು ಲೋಟ ಚಹಾ ಮತ್ತು ಒಂದು ಮೊರ ಮಂಡಕ್ಕಿಯಲ್ಲಿ ಮುಗಿದಿತ್ತು!

ಅಲ್ಲಿಂದ ಪ್ರತಿ ಬೇಸಿಗೆ ಹೊಸ ಮೇಸ್ತ್ರಿಗಳು. ಕೆಳಗೆ ನಿಂತು ಭಾವ ಕೂಗುತ್ತಿದ್ದರು: "ಆ ಮೂಲೇನೂ ಒಂಚೂರು ಎತ್ತಿ ನೋಡಿಬಿಡ್ರಿ, ಎಸ್ಟಿಮೇಟು ಪಕ್ಕಾ ಆಗ್ಲಿ!" ಅಡುಗೆಮನೆಗೆ ಮಾತ್ರ ಈ ವಿದ್ಯೆ ನಡೆಯಲಿಲ್ಲ. ಅಲ್ಲಿ ಹಿಂದೆ ಸೌದೆ ಒಲೆ ಉರಿಯುತ್ತಿತ್ತು. ಹೊಗೆ ಕುಡಿದ ಹೆಂಚುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎತ್ತಿದರೆ ಒಡೆಯುತ್ತವೆ ಎಂದು ಪ್ರತಿಯೊಬ್ಬ ಮೇಸ್ತ್ರಿಯೂ ಅವನ್ನು ಮೇಲಿನಿಂದ ಕಣ್ಣಳತೆಯಲ್ಲೇ ನೋಡಿ ಇಳಿದ. ಹೀಗಾಗಿ ಛತ್ರಿಯ ಕೆಲಸ ತಪ್ಪಲಿಲ್ಲ.

"ಆವತ್ತೇ ಮಾಡಿಸಿದ್ರೆ ಒಂದು ಲಕ್ಷದಲ್ಲಿ ಮುಗೀತಿತ್ತು," ಎಂದಳು ಅಕ್ಕ ಒಮ್ಮೆ. "ಈಗ ಮೂರು ಲಕ್ಷ ಅಂತಾರೆ."

"ನೋಡಿದ್ಯಾ?" ಭಾವನ ಮುಖ ಅರಳಿತು. "ಎಂಟು ವರ್ಷದಲ್ಲಿ ನಮ್ಮ ಮಾಡಿನ ಬೆಲೆ ಮೂರು ಪಟ್ಟು ಏರಿದೆ!"

ಆದರೆ ಶಿಕಾರಿಪುರದ ಮೇಸ್ತ್ರಿಗಳೇನು ಚಹಾ ಅಂಗಡಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರೆಯೇ? ಸುದ್ದಿ ಹರಡಿತು. ಕಳೆದ ಬೇಸಿಗೆಯಲ್ಲಿ ಬಂದವನು ಸೈಕಲ್ಲಿನಿಂದ ಇಳಿಯಲೇ ಇಲ್ಲ. ಒಂದು ಕಾಲು ನೆಲಕ್ಕೂರಿ, ಮೂರು ಲಕ್ಷದ ಇಪ್ಪತ್ತು ಸಾವಿರ ಎಂದುಬಿಟ್ಟ.

"ಹತ್ತದೇನೇ ಹೆಂಗ್ರಿ ಹೇಳ್ತೀರಿ?"

"ನಮ್ಮಣ್ಣ ಹತ್ಯಾನ, ನಮ್ಮ ಮಾವ ಎರಡು ಸಲ ಹತ್ಯಾನ. ನಿಮ್ಮನಿ ಹಂಚು ನಮ್ಮ ಮನ್ಯಾಗ ಎಲ್ಲಾರಿಗೂ ಬಾಯಿಪಾಠ ಐತ್ರಿ ಸಾಹೇಬ್ರ. ಚಾ ಬ್ಯಾಡ, ಬರ್ತೀನಿ."

ಊರಲ್ಲಿ ಮೇಸ್ತ್ರಿಗಳು ಖಾಲಿಯಾದರು! ಈ ಬೇಸಿಗೆಯಲ್ಲಿ ಭಾವ ನನ್ನನ್ನು ಜೊತೆಗೆ ಹಾಕಿಕೊಂಡು ಸೊರಬದ ಬಸ್ಸು ಹತ್ತಿದರು. "ನೀನು ಸಾಕ್ಷಿಗೆ," ಎಂದರು. ಸೊರಬದ ಬಸ್ ನಿಲ್ದಾಣದ ಹತ್ತಿರ ವಿಚಾರಿಸಿದಾಗ ಜಡೆ ಎಂಬ ಊರಿನ ಕಡೆಯ ಒಬ್ಬ ಮೇಸ್ತ್ರಿ ಸಿಕ್ಕಿದ. ಅರವತ್ತರ ಹತ್ತಿರದ ಸಣಕಲು ಆಳು. ಭಾವನ ಮಾತನ್ನೆಲ್ಲ ಪೂರ್ತಿ ಕೇಳಿಸಿಕೊಂಡ.

"ನಿಮಗೆ ಬೇಕಾಗಿದ್ದು ಎಂತ ಮಾರಾಯ್ರೆ? ಎಸ್ಟಿಮೇಟೋ, ಮಾಡೋ?"

"ಮೊದ್ಲು ಎಸ್ಟಿಮೇಟು."

"ಹಂಗಾರೆ ಬಸ್ ಚಾರ್ಜು ಕೊಡಿ, ಒಂದು ಊಟ ಹಾಕಿ. ಊಟದ ಎಸ್ಟಿಮೇಟ್ ಬೇಡ, ಊಟವೇ ಆಗಬೇಕು."

ಭಾವ ಬಸ್ ಚಾರ್ಜು ಕೊಟ್ಟರು. ಒಂಬತ್ತು ವರ್ಷದಲ್ಲಿ ಆ ಮಾಡಿಗೆಂದು ಅವರು ಕೈಬಿಚ್ಚಿದ್ದು ಅದೇ ಮೊದಲು; ನಾನು ಸಾಕ್ಷಿ.

ಮಾರನೆಯ ದಿನ ಹನ್ನೊಂದರ ಹೊತ್ತಿಗೆ ಮೇಸ್ತ್ರಿ ಬಂದ. ಭಾವ ಏಣಿ ಒರಗಿಸಿ ಕಾಯುತ್ತಿದ್ದರೆ ಅವನು ಏಣಿಯ ಕಡೆ ತಿರುಗಿಯೂ ನೋಡದೆ ಚಪ್ಪಲಿ ಬಿಟ್ಟು ಒಳಗೆ ನಡೆದ.

"ಮ್ಯಾಲೆ ಹತ್ತಲ್ವೇನ್ರಿ?"

"ಮಾಡು ಸೋರೋದು ಒಳಗಲ್ವಾ?"

ಉಳಿದ ಮೇಸ್ತ್ರಿಗಳು ಮೇಲಿನಿಂದ ನೋಡಿದ್ದನ್ನು ಇವನು ಕೆಳಗಿನಿಂದ ನೋಡುತ್ತ ಹೋದ. ನಡುಮನೆ ದಾಟಿ ಅಡುಗೆಮನೆಗೆ ಬಂದ. ಅಕ್ಕ ಒಲೆಯ ಮುಂದೆ ನಿಂತಿದ್ದಳು. ಮೇಸ್ತ್ರಿ ಸ್ಟೂಲು ಹಾಕಿಕೊಂಡು ಹತ್ತಿ, ಮಸಿಯಿಂದ ಕರ್ರಗಿದ್ದ ತೊಲೆಗೆ ಉಳಿಯ ಮೊನೆ ಇಟ್ಟ. ಒತ್ತಿದ ಹಾಗೂ ಕಾಣಲಿಲ್ಲ. ಉಳಿ ಹಿಡಿಯವರೆಗೂ ಒಳಗೆ ಹೋಯಿತು.

"ಅಮ್ಮಾ, ನೀವು ದಿನಾ ನಿಲ್ಲೋದು ಇಲ್ಲೇನಾ?"

"ಮತ್ತೆಲ್ಲಿ ನಿಲ್ಲೋದು? ಒಲೆ ಇರೋದು ಇಲ್ಲೇ ಅಲ್ವಾ?"

ಮೇಸ್ತ್ರಿ ಇಳಿದು ಭಾವನನ್ನು ಹತ್ತಿಸಿದ. "ಬೆರಳು ಹಾಕಿ ನೋಡಿ," ಎಂದ. ಭಾವ ತೋರುಬೆರಳು ಹಾಕಿದರು. ಬೆರಳು ಪೂರ್ತಿ ಹೋಯಿತು. ಗೆದ್ದಲು ಮೇಲಿನ ಮಸಿಯೊಂದನ್ನು ಬಿಟ್ಟು ಒಳಗಿನ ಮರವನ್ನೆಲ್ಲ ತಿಂದಿತ್ತು. ಬೆರಳು ಹೊರಗೆಳೆದಾಗ ಹಿಡಿಯಷ್ಟು ಪುಡಿ ಅಕ್ಕನ ಹೆಗಲ ಮೇಲೆ ಸುರಿಯಿತು.

"ಇದು ಅಭ್ಯಾಸಬಲದಿಂದ ನಿಂತಿದೆ, ಅಷ್ಟೇ," ಎಂದ ಮೇಸ್ತ್ರಿ.

ಭಾವ ಸ್ಟೂಲಿನ ಮೇಲಿಂದ ತೊಲೆ ನೋಡಿದರು. ಆಮೇಲೆ ಅದರ ನೇರಕ್ಕೆ ಕೆಳಗೆ ನೋಡಿದರು. ಅಲ್ಲಿ ನೆತ್ತಿಯ ಬಿಳಿಕೂದಲು ತೋರಿಸಿಕೊಂಡು ಅಕ್ಕ ಸೌಟು ತಿರುಗಿಸುತ್ತಿದ್ದಳು.

"ಹೊರಗ್ ಬಾರೇ."

"ಹುಳಿ ಕುದೀತಿದೆ ರೀ."

"ಹುಳಿ ಹಾಳಾಗ್ಲಿ, ನೀ ಹೊರಗ್ ಬಾ!"

ಅವರು ಅವಳಿಗೆ ಆ ದನಿಯಲ್ಲಿ ಹೇಳಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅಕ್ಕ ಸೌಟು ಹಿಡಿದುಕೊಂಡೇ ಜಗಲಿಗೆ ಬಂದಳು. ಭಾವ ತಾವೇ ಒಲೆ ಆರಿಸಿ, ಹುಳಿಯ ಪಾತ್ರೆ ತಂದಿಟ್ಟರು, ಒಲೆ ತಂದರು, ಸಿಲಿಂಡರನ್ನು ಉರುಳಿಸಿಕೊಂಡು ಬಂದರು. ನಾನು ಕೈಹಾಕಲು ಹೋದರೆ ಬೈದರು.

ಸುದ್ದಿಮನೆಯ ಚಟ ಬಿಡುತ್ತದೆಯೇ? ಎಷ್ಟಾಗಬಹುದು ಎಂದು ಮೇಸ್ತ್ರಿಯನ್ನು ನಾನೇ ಕೇಳಿದೆ. ಅವನು ಲೆಕ್ಕ ಹಾಕಿ ಒಂದು ಮೊತ್ತ ಹೇಳಿ, ಭಾವನ ಕಡೆ ತಿರುಗಿ, "ಕೊಟೇಶನ್ ಬರ್ಕೊಡ್ಲಾ?" ಎಂದ.

"ನಾಳೆ ಬರ್ತೀರೋ ಇಲ್ವೋ, ಅಷ್ಟು ಹೇಳ್ರಿ," ಎಂದರು ಭಾವ.

ಮೇಸ್ತ್ರಿಗೆ ಊಟದ ಮಾತು ಕೊಟ್ಟಾಗಿತ್ತು. ಜಗಲಿಯಲ್ಲೇ ಒಲೆ ಹಚ್ಚಲಾಯಿತು. ಅಕ್ಕ ಉಪ್ಪಿಗೆಂದು ಏಳಹೋದಳು. ಭಾವ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. "ಏನ್ ಬೇಕು ಹೇಳು, ನಾ ತರ್ತೀನಿ." ತಲೆಗೆ ಟವೆಲ್ ಸುತ್ತಿಕೊಂಡು ಒಳಗೆ ಓಡಿದರು. ತೊಲೆ ಬಿದ್ದರೆ ಟವೆಲ್ ತಡೆಯುತ್ತದೆಯೇ? ಉಪ್ಪು ತಂದರು. ಮತ್ತೆ ಓಡಿ ಎಣ್ಣೆ ತಂದರು. ಮತ್ತೆ ಓಡಿ ಕರಿಬೇವು ತಂದರು. ಪ್ರತಿ ಸಲ ಮೇಲೆ ನೋಡುತ್ತ ಹೋಗುವುದು, ಮೇಲೆ ನೋಡುತ್ತ ಬರುವುದು.

"ಸಾಸಿವೆ," ಎಂದಳು ಅಕ್ಕ. ಎಣ್ಣೆ ಕಾಯುತ್ತಿತ್ತು.

ಭಾವ ಡಬ್ಬಿ ತಂದು ಅವಳ ಕೈಗಿಟ್ಟು, ಗೋಡೆಗೆ ಒರಗಿ ಏದುಸಿರು ಬಿಟ್ಟರು. ಅಕ್ಕ ಮುಚ್ಚಳ ತೆಗೆದಳು. ಒಳಗಿದ್ದದ್ದು ಮೆಂತ್ಯ.

"ಅದೇ ತಾನೆ?" ಎಂದರು ಭಾವ.

ಅಕ್ಕ ಅವರ ಟವೆಲಿನ ಮೇಲೆ ಬಿದ್ದಿದ್ದ ಮರದ ಪುಡಿಯನ್ನು ನೋಡಿದಳು.

"ಹೂಂ, ಇದೇ," ಎಂದು ಮೆಂತ್ಯವನ್ನೇ ಎಣ್ಣೆಗೆ ಹಾಕಿದಳು.