ಚರಂಡಿ ಚಪ್ಪಡಿಗೆ ವಿಭೂತಿ

ದೇವರೊಂದನ್ನು ತಾವೇ ಹುಟ್ಟಿಸಿ, ಆಮೇಲೆ ಆ ದೇವರನ್ನು ಎತ್ತಿ ಹಾಕಿಸಲು ಊರೆಲ್ಲರ ಕೈಕಾಲು ಹಿಡಿದ ಭಕ್ತರು ಯಾರಾದರೂ ನಿಮಗೆ ಗೊತ್ತೆ? ನನಗೆ ಗೊತ್ತು. ನನ್ನ ಸೋದರಮಾವ!

ನಮ್ಮೂರು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಕಡೆ ಸಿಗುತ್ತದೆ. ಇಲ್ಲಿ ಫುಟ್‌ಪಾತು ಎಂದರೆ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳು, ಅಷ್ಟೆ. ಹೋದ ವರ್ಷ ಅಂಥದೊಂದು ಚಪ್ಪಡಿ ಮುರಿದು, ನಮ್ಮತ್ತೆ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡರು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಅಂಗಡಿಬೀದಿಯನ್ನೆಲ್ಲ ಹರಟೆಯಲ್ಲೇ ಆಳುತ್ತಿದ್ದ ಹೆಂಗಸು ಹೊಸಿಲು ದಾಟುವುದನ್ನೇ ಬಿಟ್ಟರು. ಅಂದಿನಿಂದ ಮಾವನಿಗೆ ಒಂದೇ ಹಟ. ಚಪ್ಪಡಿ ಮುರಿಯುವ ಮೊದಲೇ ಬದಲಾಗಬೇಕು, ತನ್ನ ಹೆಂಡತಿ ಮತ್ತೆ ಬೀದಿಗಿಳಿಯಬೇಕು.

ಊರುಗೋಲು ಹಿಡಿದು, ಹಲಸಿನಹಣ್ಣು ಕೊಳ್ಳುವವರ ಹಾಗೆ ಪ್ರತಿ ಚಪ್ಪಡಿಯನ್ನೂ ತಟ್ಟುತ್ತಾರೆ. ಬಗ್ಗಿ ಕಿವಿಗೊಡುತ್ತಾರೆ. 'ಠಣ್' ಎಂದರೆ ಪಾಸು, 'ಡಬ್' ಎಂದರೆ ಫೇಲು! ಇವರ ಜೊತೆ ಮದುವೆಗೆ ಹೊರಟರೆ ಧಾರೆಯೂ ಸಿಗುವುದಿಲ್ಲ, ಮೊದಲ ಪಂಕ್ತಿಯೂ ಸಿಗುವುದಿಲ್ಲ. ಪಾಯಸವಂತೂ ಕೇಳಲೇಬೇಡಿ!

ಕೊನೆಗೆ ಅವರ ಮನೆಯೆದುರಿನ ಚಪ್ಪಡಿಯೇ 'ಡಬ್' ಎಂದಿತು. ಮಾವ ನೇರ ಪಂಚಾಯ್ತಿಗೆ ನುಗ್ಗಿದರು.

"ಎಲ್ಲಿ ಒಡ್ದೋಗದ ಯಜಮಾನ್ರೇ?" ಎಂದರು ಅಲ್ಲಿಯ ಸಾಹೇಬರು.

"ಇನ್ನೂ ಒಡ್ದಿಲ್ಲ ಸಾಮಿ. ಒಡೀತದ."

"ಹಂಗಾರೆ ಒಡ್ದ ಮೇಲ ಬನ್ನಿ, ನೋಡನ."

"ಒಡ್ದ ಮೇಲ ನಾ ಎಂಗ್ ಬರ್ಲಿ? ಚರಂಡಿ ಒಳಗ ಬಿದ್ದಿರ್ತೀನಲ್ಲ!"

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಗಾದೆ ಬೇರೆ ಹೇಳಿ ಬಂದರು. ಆದರೆ ಕಲ್ಲು ಬದಲಾಗುವ ತನಕ ಜನ ತುಳಿಯದ ಹಾಗೆ ಮಾಡುವುದು ಹೇಗೆ? ಮುಳ್ಳು ಹಾಕಿದರೆ ಸರಿಸಿ ಹೋದರು. ಹಗ್ಗ ಕಟ್ಟಿದರೆ ಯಾರೋ ಬಟ್ಟೆ ಒಣಹಾಕಿದರು! ಮಾವ ತಲೆ ಓಡಿಸಿದರು. ಚಪ್ಪಡಿಗೆ ಮೂರು ಪಟ್ಟೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಒಂದು ಚೆಂಡುಹೂ ಇಟ್ಟರು. ಆಹಾ! ಒಬ್ಬರೂ ತುಳಿಯಲಿಲ್ಲ. ಬೈಕಿನವರು ಸಹ ಎದೆ ಮುಟ್ಟಿಕೊಂಡು ಹೋದರು.

ವಾರ ಕಳೆಯುವುದರೊಳಗೆ ಭಕ್ತರು ಬಂದು ಅದೇ ಚಪ್ಪಡಿಯ ಮೇಲೆ ಈಡುಗಾಯಿ ಒಡೆಯತೊಡಗಿದರು! ಒಂದೊಂದು ಕಾಯಿಗೂ ಮಾವನ ಎದೆಯೇ 'ಡಬ್' ಎನ್ನುತ್ತಿತ್ತು. ಅಷ್ಟರಲ್ಲಿ ಇವರ ಕಾಟ ತಡೆಯಲಾರದೆ ಪಂಚಾಯ್ತಿಯವರು ಹೊಸ ಚಪ್ಪಡಿ ಕಳಿಸಿಯೇಬಿಟ್ಟರು. ಬಂದ ಗಾರೆಯವನು ವಿಭೂತಿ ನೋಡಿ ಹಾರೆ ಕೆಳಗಿಟ್ಟ.

"ದೇವ್ರ ಕಲ್ಲ ಮುಟ್ಟಕಾದ್ದಾ? ನಾನು ಮಕ್ಕಳೊಂದಿಗ ಕಣ್ರಪ್ಪ."

"ದೇವ್ರಲ್ಲ ಕಣ್ಲಾ! ನಾನೇ ಬಳ್ದಿದ್ದು ವಿಭೂತಿಯ!"

"ನಿಮ್ ಕೈಲಿ ಬಳಿಸ್ದೋನ್ಯಾರು? ಅವ್ನೇ ಅಲ್ವಾ?"

ಈ ವೇದಾಂತ ಕೇಳಿ ಮಾವ ಹಣೆ ಚಚ್ಚಿಕೊಂಡರು. ಸರಿ, ದೇವರನ್ನೇ ಹೂವು ಕೇಳುವುದೆಂದಾಯಿತು. ಚಪ್ಪಡಿಯ ಮೇಲೆ ವಿಭೂತಿ ಗಟ್ಟಿ ಇಟ್ಟು, ಅದರ ನೆತ್ತಿಗೆ ಹೂವಿಟ್ಟರು. ಬಲಕ್ಕೆ ಬಿದ್ದರೆ ದೇವರು ಎದ್ದು ಹೋಗಲು ಒಪ್ಪಿದ ಹಾಗೆ. ಬೀದಿಗೆ ಬೀದಿಯೇ ಕೈಮುಗಿದು ನಿಂತಿತು. ಹೂ ಅಲ್ಲಾಡಲಿಲ್ಲ. ಮಾವನ ಮುಖ ಸಪ್ಪಗಾಯಿತು. ಆಗ ಕರಿಕಲ್ಲು ತುಂಬಿದ ಲಾರಿಯೊಂದು ಗುಡುಗುಡು ಎಂದು ಬಂತು ನೋಡಿ! ಸಡಿಲವಾಗಿದ್ದ ಚಪ್ಪಡಿ ಗಡಗಡ ನಡುಗಿತು, ಹೂ ಬಲಕ್ಕೇ ಉರುಳಿತು! ಶಿಳ್ಳೆಯೇನು, ಜೈಕಾರವೇನು! ಎತ್ತಿದರೆ ಕಲ್ಲು ಗಾರೆಯವನ ಕೈಯಲ್ಲೇ ಎರಡು ಹೋಳಾಯಿತು.

ಹೊಸ ಚಪ್ಪಡಿ ಕೂತಿತು. ಮಾವ ಪಂಚೆ ಎತ್ತಿಕಟ್ಟಿ ಅದರ ಮೇಲೆ ಧಿಮಿಧಿಮಿ ಕುಣಿದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕುಣಿತ ನಿಲ್ಲಿಸಿ ಅವರು ಬಾಗಿಲ ಕಡೆ ತಿರುಗಿ ಕೈ ಚಾಚಿದರು.

"ಬಾ ಕಣಮ್ಮಿ."

ಅತ್ತೆ ಗೋಡೆ ಹಿಡಿದು ಮೆಲ್ಲಗೆ ಹೊರಬಂದರು. ಚಪ್ಪಡಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟರು.

"ಚಪ್ಲಿ ಯಾಕ್ ಬುಟ್ಟೆ? ಇದು ದೇವ್ರಲ್ಲ, ಬರೀ ಕಲ್ಲು."

"ಗೊತ್ತು ಬುಡಿ," ಎಂದರು ಅತ್ತೆ. "ಕಲ್ಲ ನಂಬಿ ಬತ್ತಾ ಇಲ್ಲ ನಾನು. ನಿಮ್ಮ ನಂಬಿ ಬತ್ತಾ ಇವ್ನಿ."

ಕಾಲಿಟ್ಟೇಬಿಟ್ಟರು. ಅಷ್ಟು ಹೊತ್ತು ಕುಣಿದಿದ್ದ ಮಾವನ ಕಾಲು ಆಗ ನಡುಗತೊಡಗಿತು. ಬೀಳದ ಹಾಗೆ ಅತ್ತೆಯೇ ಅವರನ್ನು ಹಿಡಿದುಕೊಂಡರು.